ಗುರುತ್ವ ತರಂಗಗಳ ಶೋಧವೂ ವಿಜ್ಞಾನಿಗಳ ಆತ್ಮಪರೀಕ್ಷೆಯೂ

 

ಶ್ರೀಮಠದ ಮಹೋತ್ಸವದ ಈ ಸಭೆಯಲ್ಲಿ ಇತ್ತೀಚಿನ ವಿಜ್ಞಾನಶೋಧಗಳನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಅಪ್ಪಣೆಯಾಗಿರುತ್ತದೆ. ಶೋಧಗಳು ಅಸಂಖ್ಯ, ಅವುಗಳ ಹೆಸರುಗಳನ್ನೆಲ್ಲ ಹೇಳುತ್ತ ಹೋದರೆ ಪಂಚಾಂಗವನ್ನೋದಿದಂತಾದೀತು. ಆದುದರಿಂದ ಒಂದನ್ನೇ ಆರಿಸಿಕೊಂಡು, ಅದು ದಿಟವೆಂದು ವಿಜ್ಞಾನಿಗಳು ಹೇಗೆ ನಿಶ್ಚಯಿಸಿಕೊಂಡರೆಂಬುದನ್ನು ನಿವೇದಿಸುವೆನು.

2015ನೆಯ ಇಸವಿ ಸೆಪ್ಟೆಂಬರ್ 14ರಂದು ಅಮೆರಿಕದ ಲಿವಿಂಗ್‌ಸ್ಟನ್ ಎಂಬಲ್ಲಿರುವ ಲೈಗೋ ಯಂತ್ರವು ಅತಿಸೂಕ್ಷ್ಮವಾದೊಂದು ಕಂಪನವನ್ನು ಕಂಡಿತು. ಸೆಕೆಂಡಿನ ಸಾವಿರದಲ್ಲೇಳು ಭಾಗ ಕಳೆಯುವಷ್ಟರಲ್ಲಿ, ಸುಮಾರು 3000 ಕಿಲೋಮೀಟರು ದೂರದ ಹ್ಯಾನ್‌ಫರ್ಡಿನಲ್ಲಿರುವ ಅದರ ಜೊತೆಯ ಯಂತ್ರವೂ ಅದನ್ನೇ ಕಂಡಿತು. ಒಂದೊಂದು ಯಂತ್ರಕ್ಕೂ 4 ಕಿಲೋಮೀಟರು ಉದ್ದದ ಎರಡು ತೋಳುಗಳು ಪರಸ್ಪರ ಲಂಬವಾಗಿರುವುವು. ಅವುಗಳಲ್ಲಿ ಲೇಸರ್ ಕಿರಣಗಳು ಕನ್ನಡಿಗಳ ನಡುವೆ ಹೋಗಿಬರುತ್ತವೆ. ಗುರುತ್ವ ತರಂಗವು ಹಾಯ್ದರೆ ಒಂದು ತೋಳು ಹಿಗ್ಗಿ ಇನ್ನೊಂದು ಕುಗ್ಗುವುದು. ಆ ದಿನದ ಹಿಗ್ಗುಕುಗ್ಗು ಎಷ್ಟೆಂದರೆ, ಪರಮಾಣುವಿನ ಗರ್ಭದಲ್ಲಿರುವ ಪ್ರೋಟಾನಿನ ವ್ಯಾಸವನ್ನು ನೂರಾರು ಪಾಲು ಮಾಡಿದರೆ ಅದರಲ್ಲೊಂದು ಪಾಲಿನಷ್ಟು! ಸೂರ್ಯನ 36ರಷ್ಟು ಮತ್ತು 29ರಷ್ಟು ತೂಕದ ಎರಡು ಕಪ್ಪುಕುಳಿಗಳು ಸುಮಾರು 130 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿ ಒಂದರೊಳಗೊಂದು ಲಯವಾದುದರ ಸುದ್ದಿಯದು. ಮೂರು ಸೂರ್ಯರಷ್ಟು ದ್ರವ್ಯವು ಆಗ ತರಂಗಶಕ್ತಿಯಾಗಿ ಹೊರಚೆಲ್ಲಿತೆಂದು ಗಣಿಸಿದ್ದಾರೆ.

ಇಂತಹ ತರಂಗಗಳಿರಬೇಕೆಂದು 1916ರಲ್ಲಿ ಹೇಳಿದವರು ಐನ್‌ಸ್ಟೈನರು. ಆದರೆ 1936ರಲ್ಲಿ ಅವರೇ, ಇವು ಇಲ್ಲವೆಂದು ಸಾಧಿಸುವ ಲೇಖನವೊಂದನ್ನು ಸಹೋದ್ಯೋಗಿಯೊಡನೆ ಬರೆದು ಅಮೆರಿಕದ ಪತ್ರಿಕೆಗೆ ಕಳುಹಿಸಿದರು. ಸಂಪಾದಕರು ಅದನ್ನು ಮತ್ತೊಬ್ಬ ವಿದ್ವಾಂಸರ ಪರಿಶೀಲನೆಗೊಪ್ಪಿಸಲು ಐನ್‌ಸ್ಟೈನರು ಮುನಿದು ಲೇಖನವನ್ನು ಹಿಂದೆಗೆದುಕೊಂಡರು. ಪರಿಶೀಲಕರ ಆಕ್ಷೇಪಣೆಯೇ ಸರಿಯಾಗಿದ್ದಿತು. 1937ರಲ್ಲಿ ಬೇರೊಂದು ಪತ್ರಿಕೆಯಲ್ಲಿ ಲೇಖನವು ತಿದ್ದುಪಡಿಯಾಗಿ ಅಚ್ಚಾಯಿತು. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳ ಪ್ರಶ್ನೆಗಳನ್ನು ಅಕ್ಕಮಹಾದೇವಿಯಂಥವರೂ ಎದುರಿಸಬೇಕಾಯಿತೆಂಬುದನ್ನು ಬಲ್ಲ ನಮಗೆ ಇದು ಹೊಸ ರೀತಿಯೆನಿಸಲಾರದು.

1969ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜೋಸೆಫ್ ವೆಬರರು ಅಲ್ಯೂಮಿನಿಯಂ ಕೊಳವಿಗಳಂತಹ ದಿಂಡುಗಳ ಮೂಲಕ ತರಂಗಗಳನ್ನು ಕಂಡೆನೆಂದು ಸಾರಿದರು. ಉಳಿದವರು ಅಂತಹವೇ ಯಂತ್ರಗಳನ್ನು ನಿಲ್ಲಿಸಿ ಕಾದರು, ಏನೂ ಕಾಣಲಿಲ್ಲ. ಅದೇ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿದ್ದವರು ಬೆಂಗಳೂರಿನ ಸಿ. ವಿ. ವಿಶ್ವೇಶ್ವರರು, ಕನ್ನಡ ಸಾಹಿತಿ ಸಿ. ಕೆ. ವೆಂಕಟರಾಮಯ್ಯನವರ ಪುತ್ರರು. ಕದಡಿದ ಕಪ್ಪುಕುಳಿಯು ಬಡಿದ ಘಂಟೆಯಂತೆ ಅನುರಣಿಸಿ ಕ್ರಮೇಣ ಶಾಂತವಾಗುವುದೆಂದು ಅವರು 1970ರಲ್ಲಿ ಗಣಿತದಿಂದ ತೋರಿಸಿದರು. 45 ವರುಷಗಳ ಮೇಲೆ ಬಂದ ತರಂಗದ ಕೊನೆಯ ಭಾಗವು ಆ ಅನುರಣನಕ್ಕೆ ಒಪ್ಪುವಂತಿದ್ದಿತು. 2017ರ ಜನವರಿಯಲ್ಲಿ ಅವರು ತೀರಿಕೊಳ್ಳುವ ಮೊದಲು ಈ ಸುದ್ದಿ ಅವರ ಕಿವಿಗೆ ಬಿದ್ದಿತೆಂಬುದು ನಮಗೆ ಸಮಾಧಾನ.

ಇನ್ನು ನನ್ನ ಮನಸ್ಸನ್ನು ಬಹಳವಾಗಿ ಸೆಳೆದ ಸಂಗತಿ. 2010ರ ಸೆಪ್ಟೆಂಬರಿನಲ್ಲಿಯೇ ಲೈಗೋ ಯಂತ್ರಗಳಲ್ಲಿ ಸೊಗಸಾದ ಸಂಕೇತವೊಂದು ಕಾಣಿಸಿಕೊಂಡಿದ್ದಿತು. ವಿಜ್ಞಾನಿಗಳು ತಿಂಗಳುಗಟ್ಟಲೆ ಶೋಧಿಸಿ ಪ್ರಕಟಣೆಯ ಲೇಖನವನ್ನೂ ಸಿದ್ಧಪಡಿಸಿದರು. 2011ರ ಮಾರ್ಚಿನಲ್ಲಿ ಎಲ್ಲರೂ ನೆರೆದು ಮುಚ್ಚಿದ ಲಕೋಟೆಯನ್ನು ಒಡೆದು ನೋಡಲು, ಅದು ತಮ್ಮವರೇ ಕೆಲವರು ಪರೀಕ್ಷಾರ್ಥವಾಗಿ ಗುಟ್ಟಿನಲ್ಲಿ ಸೇರಿಸಿದ ಹುಸಿ ಸಂಕೇತವೆಂದು ತಿಳಿಯಬಂದಿತು! ಹೀಗೆ ಪರೀಕ್ಷಿಸಬಹುದೆಂದು ಎಲ್ಲರೂ ಮೊದಲೇ ಒಪ್ಪಿದ್ದರು. ತಾವು ಮೋಸಹೋಗಬಲ್ಲೆವೆಂದು ಮುಂಗಂಡು ತಮಗೇ ಬಲೆಯೊಡ್ಡಿಕೊಂಡ ಈ ಕ್ರಮವನ್ನು ನಾನು ಶೋಧಕ್ಕಿಂತ ಕಡಿಮೆಯೆಂದೆಣಿಸುವುದಿಲ್ಲ. 2015ರ ಸಂಕೇತವು ಬಂದಾಗಲೂ, ಇದು ಯಾರೂ ಸೇರಿಸಿದ್ದಲ್ಲವಷ್ಟೆ ಎಂಬುದನ್ನೇ ಮೊದಲು ವಿಚಾರಿಸಿದರು. ಲೋಕಕ್ಕೆ ಸಾರಿದ್ದು ಐದು ತಿಂಗಳ ಬಳಿಕ, 2016ರ ಫೆಬ್ರವರಿ 11ರಂದು.

ಇದಕ್ಕೆ ಎದುರಾದ ನಿದರ್ಶನವೂ ಉಂಟು. 2014ರ ಮಾರ್ಚಿನಲ್ಲಿ ದಕ್ಷಿಣ ಧ್ರುವದ ಬೈಸೆಪ್2 ದೂರದರ್ಶಕದವರು, ಸೃಷ್ಟಿಯ ಆದಿಕಾಲದ ತರಂಗಗಳ ಗುರುತು ಸಿಕ್ಕಿತೆಂದು ಪತ್ರಿಕಾಗೋಷ್ಠಿಯಲ್ಲಿ ಘೋಷಿಸಿದರು. ವರುಷ ತುಂಬುವ ಮೊದಲೇ, ಅದು ಬಹುಮಟ್ಟಿಗೆ ನಮ್ಮ ಆಕಾಶಗಂಗೆಯ ಧೂಳಿನ ಪ್ರಭಾವವೆಂದು ಪ್ಲಾಂಕ್ ಉಪಗ್ರಹದ ಅಳತೆಗಳಿಂದ ಸಿದ್ಧವಾಯಿತು. ಮೊದಲಿಗರೆನ್ನಿಸಿಕೊಳ್ಳುವ ಆತುರವು ಇಂದಿನ ಸಂಶೋಧಕರನ್ನು ಕಾಡುವ ವ್ಯಾಧಿ. ಲೇಖನಗಳ ಎಣಿಕೆಯ ಮೇಲೆ ಉದ್ಯೋಗವೂ ಧನಸಹಾಯವೂ ನಿಲ್ಲುತ್ತಿರಲು, ಒಬ್ಬರು ಮಾಡಿದ ಪ್ರಯೋಗವನ್ನು ಮತ್ತೊಬ್ಬರು ಮಾಡಿ ನೋಡುವ ಕಾಯಕಕ್ಕೆ ಮನ್ನಣೆಯೆಲ್ಲಿ? ಕೀರ್ತಿಯ ಹಂಚಿಕೆಯೂ ಹಾಗೆಯೇ. ಲೈಗೋ ಲೇಖನಕ್ಕೆ ಸಾವಿರಕ್ಕೂ ಮಿಕ್ಕ ಕರ್ತೃಗಳು. 2017ರ ನೊಬೆಲ್ ಪಾರಿತೋಷಕವು ನಿಯಮದ ಮೇರೆಗೆ ಮೂವರಿಗೆ ಮಾತ್ರ.

ಎರಡು ಯಂತ್ರಗಳು ದೂರದೂರದಲ್ಲಿ ಇದ್ದುದರಿಂದಲೇ ಸ್ಥಳೀಯ ಅದುರಾಟದಿಂದ ನಿಜವಾದ ತರಂಗವನ್ನು ಬೇರ್ಪಡಿಸಲಾಯಿತು. ಹೀಗಿದ್ದೂ 2025ರಲ್ಲಿ ಅಮೆರಿಕದ ಸರಕಾರವು ಮಂಡಿಸಿದ ಆಯವ್ಯಯದ ಪ್ರಸ್ತಾವದಲ್ಲಿ ಎರಡರಲ್ಲೊಂದನ್ನು ಮುಚ್ಚುವ ಸೂಚನೆಯಿದ್ದಿತು. ಮಿತವ್ಯಯ ಒಳ್ಳೆಯದೇ, ಆದರೆ ತಕ್ಕಡಿಯ ಒಂದು ತಟ್ಟೆಯನ್ನು ಮಾರಿ ಉಳಿಸಿದ ಹಣ ಎಂತಹುದು?

ನಮ್ಮ ದೇಶದಲ್ಲಿಯೂ ಇಂತಹುದೊಂದು ಯಂತ್ರವನ್ನು ನಿಲ್ಲಿಸಲು 2023ರ ಏಪ್ರಿಲಿನಲ್ಲಿ ಕೇಂದ್ರ ಸಚಿವ ಸಂಪುಟವು ಸುಮಾರು 2600 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆಯಿತ್ತಿತು. ಸ್ಥಳವು ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ, ಶಿವಕ್ಷೇತ್ರವಾದ ಔಂಢಾ ನಾಗನಾಥದ ಸಮೀಪದಲ್ಲಿರುತ್ತದೆ. ಅದು ಸಿದ್ಧವಾದರೆ, ತರಂಗವು ಆಗಸದ ಯಾವ ದಿಕ್ಕಿನಿಂದ ಬಂದಿತೆಂಬುದನ್ನು ಈಗಿನದಕ್ಕಿಂತ ಬಹು ಸೂಕ್ಷ್ಮವಾಗಿ ಗುರುತಿಸಬಹುದು. ಲೇಸರನ್ನೂ ನಿರ್ವಾತ ನಾಳವನ್ನೂ ಗಣಿತವನ್ನೂ ಬಲ್ಲ ತರುಣರು ಅಲ್ಲಿಗೆ ಬೇಕಾಗುವರು. ಬೀದರಿನಿಂದ ಅದು ದೂರವೇನೂ ಅಲ್ಲ.