ಕಾಣಿಕೆಯೂ ಕೃಪೆಯೂ



ಪರೀಕ್ಷೆಯ ಹಿಂದಿನ ದಿನ ಹುಂಡಿಗೆ ನಾಣ್ಯ ಹಾಕಿ ಕೈಮುಗಿಯುವವರು ನಿಮ್ಮಲ್ಲೂ ಇರಬಹುದು. ಅದನ್ನು ನಾನು ಹಾಸ್ಯ ಮಾಡಲಾರೆ. ಆದರೆ ‘ಇಷ್ಟು ಕೊಟ್ಟರೆ ಇಷ್ಟು ಕೃಪೆ’ ಎಂಬ ಲೆಕ್ಕವನ್ನೇ ಧರ್ಮಬೋಧನೆಯಾಗಿಸಿ, ಟೆಲಿವಿಷನ್ ಮೂಲಕ ಮನೆಮನೆಗೆ ಮುಟ್ಟಿಸಿದರೆ ಏನಾಗುತ್ತದೆ? ಅಮೆರಿಕದಲ್ಲಿ ನಡೆದ ಪ್ರಸಂಗವೊಂದನ್ನು ನೋಡೋಣ.

ಅಲ್ಲಿನ ಓರಲ್ ರಾಬರ್ಟ್ಸ್ ಎಂಬ ಕ್ರೈಸ್ತ ಬೋಧಕರು ಕಾಣಿಕೆಯನ್ನು ಬೀಜಕ್ಕೆ ಹೋಲಿಸಿದರು. ಬಿತ್ತಿದವನಿಗೆ ಬೆಳೆ ಬರುವಂತೆ, ಕೊಟ್ಟವನಿಗೆ ದೇವರು ಹೆಚ್ಚಿಸಿ ಹಿಂದಿರುಗಿಸುತ್ತಾನೆ ಎಂಬುದು ಅವರ ವಾದ. ರೈತನ ಮನೆಯವರಿಗೆ ಬೇಗ ಮನಸ್ಸಿಗೆ ಹಿಡಿಸುವ ಹೋಲಿಕೆ! ಆದರೆ ಹೊಲದಲ್ಲಿ ಬೆಳೆ ಬಾರದಿದ್ದರೆ ನಾವು ಬೀಜವನ್ನೋ ಮಳೆಯನ್ನೋ ದೂರುತ್ತೇವೆ. ಇಲ್ಲಿ ಹಾಗಲ್ಲ. ಫಲ ಬಂದರೆ ಬೋಧಕರ ಮಾತು ನಿಜವಾಯಿತು. ಬಾರದಿದ್ದರೆ ಕೊಟ್ಟವನ ನಂಬಿಕೆ ಸಾಲದಾಯಿತು, ಇನ್ನಷ್ಟು ಕೊಡಬೇಕು. ಎಂದೂ ತಪ್ಪಾಗದ ಲೆಕ್ಕವಿದು. ಕಾಯಿಲೆ ಬಿದ್ದವನು, ಕೆಲಸ ಕಳೆದುಕೊಂಡವನು ತನ್ನ ಕಷ್ಟದ ಜೊತೆಗೆ ಅದರ ತಪ್ಪನ್ನೂ ತಾನೇ ಹೊರಬೇಕು.

ಇದೇ ಜಾಡಿನಲ್ಲಿ ನಡೆದವರು ಜಿಮ್ ಬೇಕರ್. ದಕ್ಷಿಣ ಕ್ಯಾರೊಲಿನಾ ರಾಜ್ಯದಲ್ಲಿ ‘ಹೆರಿಟೇಜ್ ಯು.ಎಸ್.ಎ.’ ಎಂಬ ವಿಹಾರಧಾಮವನ್ನೇ ಕಟ್ಟಿಸಿದರು. 1,000 ಡಾಲರ್ ಕಾಣಿಕೆ ಕೊಟ್ಟವರಿಗೆ ಆಜೀವ ಪರ್ಯಂತ ವರ್ಷಕ್ಕೆ ಮೂರು ರಾತ್ರಿ ಉಚಿತ ವಾಸ್ತವ್ಯವೆಂದು ಮಾತು ಕೊಟ್ಟರು. ಒಂದು ಹೋಟೆಲಿಗೆ 25 ಸಾವಿರ ಮಂದಿ ಮಾತ್ರ ಎಂದು ಹೇಳಿ, 60 ಸಾವಿರಕ್ಕೂ ಹೆಚ್ಚು ಮಂದಿಯಿಂದ ಹಣ ಪಡೆದರು. ಅಷ್ಟು ಜನರಿಗೆ ಕೊಠಡಿಗಳು ಎಲ್ಲಿಂದ ಬರಬೇಕು? ಹಣದ ಒಂದು ಪಾಲು ಬೇಕರ್ ದಂಪತಿಯ ಐಷಾರಾಮಕ್ಕೆ ಹೋಯಿತು. 1989ರಲ್ಲಿ ನ್ಯಾಯಾಲಯ ಅವರಿಗೆ 45 ವರ್ಷಗಳ ಸೆರೆವಾಸ ವಿಧಿಸಿತು. ಮೇಲ್ಮನವಿಯ ಬಳಿಕ ಶಿಕ್ಷೆ ಇಳಿದು, 1994ರಲ್ಲಿ ಬಿಡುಗಡೆಯಾಯಿತು.

ಸೆರೆಮನೆಯಲ್ಲಿ ಬೇಕರ್ ಬೈಬಲನ್ನು ಮೊದಲಿಂದ ಓದಿದರು. ತಾವು ಅದರ ಮಾತುಗಳನ್ನು ಸಂದರ್ಭದಿಂದ ಕಿತ್ತು ಬಳಸಿದ್ದೆವೆಂದು ಒಪ್ಪಿಕೊಂಡರು. 1996ರಲ್ಲಿ ಹೊರಬಂದ ಅವರ ಪುಸ್ತಕದ ಹೆಸರೇ ‘ನನ್ನದು ತಪ್ಪು’ ಎಂಬ ಅರ್ಥದ್ದು. (2003ರಲ್ಲಿ ಅವರು ಮತ್ತೆ ಟೆಲಿವಿಷನ್ನಿಗೆ ಬಂದರೆಂಬುದನ್ನೂ ಹೇಳಬೇಕು.)

ದೇಣಿಗೆ ಕೇಳುವವರು ಬೈಬಲಿನ ಬಡ ವಿಧವೆಯ ಕಥೆಯನ್ನು ಹೇಳುವುದುಂಟು. ದೇವಾಲಯದ ಬೊಕ್ಕಸಕ್ಕೆ ಆಕೆ ಹಾಕಿದ್ದು ಎರಡೇ ಚಿಕ್ಕ ನಾಣ್ಯ, ಆಕೆಯಲ್ಲಿದ್ದುದು ಅಷ್ಟೇ. ಆಸಕ್ತಿಯಿದ್ದರೆ ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯ ತೆಗೆದು ನೋಡಿ. ಆ ಕಥೆಗೆ ತುಸು ಮೊದಲೇ, ವಿಧವೆಯರ ಮನೆಗಳನ್ನು ನುಂಗುವ ಧರ್ಮಪಂಡಿತರನ್ನು ಯೇಸುಸ್ವಾಮಿ ಖಂಡಿಸುತ್ತಾರೆ. ಆ ಎರಡು ನಾಣ್ಯಗಳಿಗೆ ಪ್ರತಿಯಾಗಿ ಆಕೆಗೆ ಏನಾದರೂ ದೊರೆಯಿತೆಂದು ಅಲ್ಲಿ ಹೇಳಿಲ್ಲ.