ಕಾರವಾರದಲ್ಲಿ ಒಂದು ದಿನ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನನ್ನು ಕರೆದರೆ ಕಂಪ್ಯೂಟರಿನ ವಿಷಯ ಹೇಳುತ್ತಾನೆ ಎಂದು ನೀವು ಅಂದುಕೊಂಡಿರಬಹುದು. ಇವತ್ತು ಅದು ಬೇಡ. ಹೋದ ಡಿಸೆಂಬರಿನಲ್ಲಿ ನಮ್ಮ ಅಪ್ಪನನ್ನು ಕರೆದುಕೊಂಡು ಕಾರವಾರ ನೋಡಿ ಬಂದೆ. ಅದನ್ನೇ ಹೇಳುತ್ತೇನೆ. ಕೊನೆಗೆ ಶಾಲೆಯ ಮುಂದೆ ಒಂದು ಕೋರಿಕೆ ಇಡುವುದಿದೆ.

ಅಪ್ಪ ಅಮರಗೋಳದ ಎಪಿಎಂಸಿಯಲ್ಲಿ ಹಮಾಲಿ ಮಾಡಿದವರು. ಇಪ್ಪತ್ತೆಂಟು ವರ್ಷ ಹತ್ತಿಯ ಅಂಡಿಗೆ ಹೊತ್ತರು. ಹತ್ತಿಯನ್ನು ಬೆರಳಲ್ಲಿ ಎಳೆದು ನೋಡಿ ಇದು ಜಯಧರ, ಇದು ಅಲ್ಲ ಎಂದು ಹೇಳಬಲ್ಲರು. ಆದರೆ ಅರವತ್ಮೂರು ವರ್ಷವಾದರೂ ಸಮುದ್ರ ನೋಡಿರಲಿಲ್ಲ. ಹುಬ್ಬಳ್ಳಿಯಿಂದ ಕಾರವಾರ ಎಷ್ಟು ದೂರ? ಸುಮಾರು ನೂರಾ ಅರವತ್ತೈದು ಕಿಲೋಮೀಟರ್. ಬೆಂಗಳೂರಿನ ಅರ್ಧ ದಾರಿಯೂ ಅಲ್ಲ.

ಬೆಳಿಗ್ಗೆ ಐದಕ್ಕೆ ಹೊರಟೆವು. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವಾಗ ಅಪ್ಪ ಲಾರಿಗಳನ್ನೇ ನೋಡುತ್ತಿದ್ದರು. "ಈ ಇಳುಕಲಿನ್ಯಾಗ ಲೋಡ್ ಹ್ಯಾಂಗ ಹಿಡಿತಾರಪಾ" ಎಂದರು. ಆಗ ನಾನು ಓದಿಕೊಂಡಿದ್ದ ಕಥೆಯನ್ನು ಹೇಳಲು ಶುರುಮಾಡಿದೆ.

ರೈಲು ಬರುವ ಮುಂಚೆ ನಮ್ಮ ಎರೆ ಹೊಲದ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಿ, ಅಲ್ಲಿಂದ ಹಾಯಿ ದೋಣಿಯಲ್ಲಿ ಮುಂಬಯಿಗೆ ಸೇರುತ್ತಿತ್ತು. ಮೊದಲು ಲಂಬಾಣಿಗರ ಹೇರೆತ್ತುಗಳ ಮೇಲೆ, ರಸ್ತೆಯಾದ ಮೇಲೆ ಚಕ್ಕಡಿಗಳಲ್ಲಿ. ಮರಳಿ ಬರುವಾಗ ಅವೇ ಎತ್ತುಗಳು ಉಪ್ಪು, ತೆಂಗು ಹೊತ್ತು ತರುತ್ತಿದ್ದವು. ಧಾರವಾಡ ಸೀಮೆಯಲ್ಲಿ ಬೆಳೆದ ನಾಡಹತ್ತಿಗೆ ಪೇಟೆಯಲ್ಲಿ ಬಿದ್ದ ಹೆಸರು 'ಕುಮಟಾ'. ಬೆಳೆದ ಊರಿನ ಹೆಸರು ಹೋಗಿ ಬಂದರಿನ ಹೆಸರು ನಿಂತಿತು!

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿಂದ ಬರುವ ಹತ್ತಿ ನಿಂತು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಗಿರಣಿಗಳು ಕಂಗಾಲಾದವು. ಅವರ ಕಣ್ಣು ನಮ್ಮ ಹತ್ತಿಯ ಮೇಲೆ ಬಿತ್ತು. ಕುಮಟಾ ಮಳೆಗಾಲದಲ್ಲಿ ಉಪಯೋಗವಿಲ್ಲದ ಬಂದರು. ಕಾರವಾರದ ಕೊಲ್ಲಿಗೆ ಗುಡ್ಡಗಳ, ದ್ವೀಪಗಳ ಮರೆ ಇದೆ. ಅಲ್ಲಿಯೇ ದೊಡ್ಡ ಬಂದರು ಮಾಡಬೇಕೆಂಬ ಒತ್ತಡ ಎಷ್ಟಿತ್ತೆಂದರೆ, 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಮಕ್ಕಳೇ, ನಕ್ಷೆಯಲ್ಲಿ ಜಿಲ್ಲೆಯ ಗೆರೆ ಬದಲಾದದ್ದರ ಹಿಂದೆ ನಿಮ್ಮ ಅಜ್ಜ-ಮುತ್ತಜ್ಜರ ಹೊಲದ ಹತ್ತಿ ಇತ್ತು. ನಾನು ಹತ್ತನೇ ತರಗತಿಯಲ್ಲಿ ಇತಿಹಾಸಕ್ಕೆ ಎಂಬತ್ತೊಂದು ತೆಗೆದವನು, ನನಗೆ ಇದು ಗೊತ್ತಿರಲಿಲ್ಲ.

ಅಂಕೋಲಾ ದಾಟಿ ಕಾರವಾರಕ್ಕೆ ಬಂದು, ಊರಲ್ಲಿ ನಿಲ್ಲದೆ ಕಾಳಿ ಸೇತುವೆ ದಾಟಿ ಮೊದಲು ಸದಾಶಿವಗಡ ಹತ್ತಿದೆವು. ಸೋಂದೆಯ ಅರಸ ಬಸವಲಿಂಗ ತನ್ನ ತಂದೆಯ ಹೆಸರಿನಲ್ಲಿ ಕಟ್ಟಿಸಿದ ಕೋಟೆ ಅದು. ಈಗ ಉಳಿದಿರುವುದು ಸ್ವಲ್ಪ. ಆದರೆ ನದಿ ಸಮುದ್ರ ಸೇರುವುದು ಅಲ್ಲಿಂದ ಕಂಡಷ್ಟು ಚೆನ್ನಾಗಿ ಬೇರೆಲ್ಲೂ ಕಾಣಲಿಕ್ಕಿಲ್ಲ. 2024ರ ಆಗಸ್ಟಿನಲ್ಲಿ ಹಳೆಯ ಸೇತುವೆ ಕುಸಿದ ಜಾಗವೂ ಕಾಣುತ್ತದೆ. ಅಪ್ಪ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಇಷ್ಟು ನೀರು ಐತಿ, ಹಡಗು ಎಲ್ಲ್ಯದಾವ?" ಎಂದು ಕೇಳಿದರು.

ಒಳ್ಳೆಯ ಪ್ರಶ್ನೆ. ಮ್ಯಾಂಚೆಸ್ಟರಿನ ಕಂಪನಿಯೊಂದು ಹತ್ತಿ ಒತ್ತುವ ಯಂತ್ರಗಳನ್ನು ಇದೇ ಸದಾಶಿವಗಡಕ್ಕೆ ಕಳಿಸಿತ್ತು. ಅವನ್ನು ಘಟ್ಟ ಹತ್ತಿಸುವ ರಸ್ತೆಯೇ ಮುಗಿದಿರಲಿಲ್ಲ. 1865ಕ್ಕೆ ಯುದ್ಧ ಮುಗಿದು ಹತ್ತಿಯ ಬೆಲೆ ಇಳಿಯಿತು. ಕಾರವಾರಕ್ಕೆ ರೈಲು ಬರುತ್ತದೆ ಎಂಬ ಮಾತು ಮಾತಾಗಿಯೇ ಉಳಿಯಿತು. 1880ರ ದಶಕದ ಕೊನೆಗೆ ಹುಬ್ಬಳ್ಳಿ-ಧಾರವಾಡದ ರೈಲು ಕ್ಯಾಸಲ್‌ರಾಕ್ ಮೂಲಕ ಗೋವೆಯ ಮುರಗಾಂವಿಗೆ ಹೋಯಿತು. ಹತ್ತಿಯೂ ರೈಲು ಹತ್ತಿತು. ನಮ್ಮ ಹುಬ್ಬಳ್ಳಿ ಬೆಳೆಯಿತು, ಕಾರವಾರ ಬಂದರು ಸೊರಗಿತು. ಇವೆರಡೂ ಒಂದೇ ಘಟನೆಯ ಎರಡು ಮಗ್ಗುಲು. ಹುಬ್ಬಳ್ಳಿ-ಅಂಕೋಲಾ ರೈಲಿನ ಮಾತು ಈಗಲೂ ನಡೆದೇ ಇದೆ. ಘಟ್ಟದ ಕಾಡು ಹೋಗುತ್ತದೆಂಬ ಆಕ್ಷೇಪ ಸುಳ್ಳಲ್ಲ. ಅರಬೈಲು ಇಳಿದು ಬಂದವನಾಗಿ ನಾನಂತೂ ಅವಸರ ಬೇಡ ಎನ್ನುತ್ತೇನೆ, ಇಲ್ಲಿ ಕೆಲವರಿಗೆ ಸಿಟ್ಟು ಬಂದರೂ ಸರಿ.

ಮಧ್ಯಾಹ್ನ ಮೀನಿನ ಊಟ ನನಗೆ, ಸೊಪ್ಪಿನ ಸಾರು ಅಪ್ಪನಿಗೆ. ಆಮೇಲೆ ರವೀಂದ್ರನಾಥ ಟ್ಯಾಗೋರ್ ಕಡಲತೀರ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, ಇಪ್ಪತ್ತು ದಾಟಿದ್ದ ಟ್ಯಾಗೋರರು ಬಂದು ತಂಗಿ ಒಂದು ನಾಟಕ ಬರೆದರು. ಪಕ್ಕದಲ್ಲೇ ನೌಕಾಪಡೆಯ ಹಳೆಯ ಹಡಗು 'ಚಪಲ' ವಸ್ತು ಸಂಗ್ರಹಾಲಯವಾಗಿ ನಿಂತಿದೆ. ಅದರ ಕಬ್ಬಿಣದ ಏಣಿ ಇಳಿದು ಅಪ್ಪ ಪ್ರತಿಯೊಂದು ಕೋಣೆ ನೋಡಿದರು. ಮುಂದೆ ಸಮುದ್ರದಲ್ಲಿ ದೇವಗಡ ದ್ವೀಪದ ದೀಪಸ್ತಂಭ ಕಾಣುತ್ತದೆ. ಅದು ಕಟ್ಟಿದ್ದು 1864ರಲ್ಲಿ, ಹತ್ತಿಯ ಹಡಗುಗಳು ಸಾಲುಗಟ್ಟಿ ಬರುತ್ತವೆಂಬ ಆಸೆಯ ಕಾಲದಲ್ಲಿ.

ಮರಳಿನ ಮೇಲೆ ಕುಳಿತು ಅಪ್ಪ ಅಂದದ್ದು ಇಷ್ಟು: "ಇಷ್ಟು ವರ್ಷ ಹೊತ್ತೀನಿ. ಲಾರಿ ತನಕ ನಂದು. ಅಲ್ಲಿಂದ ಮುಂದ ಎಲ್ಲಿ ಹೋಗತೈತಿ ಅಂತ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ."

ಈಗ ಕೋರಿಕೆ. ನಾನು ಇಲ್ಲಿ ಓದುವಾಗ ಪ್ರವಾಸಕ್ಕೆ ದುಡ್ಡು ಕಟ್ಟಲಾಗದೆ ಉಳಿಯುತ್ತಿದ್ದ ಹುಡುಗರಲ್ಲಿ ಒಬ್ಬ. ಹಾಗೆ ಉಳಿದ ಹನ್ನೊಂದು ಜನ ಸೇರಿ ಖಾಲಿ ತರಗತಿಯಲ್ಲಿ ಅಂತ್ಯಾಕ್ಷರಿ ಆಡುತ್ತಿದ್ದೆವು. ಯಾರ ತಪ್ಪೂ ಅಲ್ಲ ಅದು, ಬಸ್ಸಿನವನಿಗೆ ಬಾಡಿಗೆ ಕೊಡಲೇಬೇಕಲ್ಲ. ಆ ಹನ್ನೊಂದರಲ್ಲಿ ಏಳು ಜನ ಇವತ್ತು ಇಲ್ಲಿದ್ದೇವೆ. ಪ್ರತಿ ವರ್ಷ ಒಂಬತ್ತನೇ ತರಗತಿಯ ಎಲ್ಲ ಮಕ್ಕಳನ್ನೂ ಕಾರವಾರಕ್ಕೆ ಕರೆದೊಯ್ಯುವ ಬಸ್ಸಿನ ಬಾಡಿಗೆ ಮತ್ತು ಊಟದ ಖರ್ಚು ನಮ್ಮದು. ಯಾರು ಎಷ್ಟು ಕೊಟ್ಟರು ಎಂದು ಮಕ್ಕಳ ಹೆಸರಿನ ಮುಂದೆ ಬರೆದುಕೊಳ್ಳುವ ಪಟ್ಟಿ ಮಾತ್ರ ಬೇಡ ಸರ್. ಡಿಸೆಂಬರ್ ಅಥವಾ ಜನವರಿ ಒಳ್ಳೆಯದು. ಸದಾಶಿವಗಡ ಮೊದಲು, ಬಿಸಿಲೇರುವ ಮುಂಚೆ. ನೀರಿಗೆ ಮೊಣಕಾಲಿಗಿಂತ ಆಳಕ್ಕೆ ಯಾರೂ ಇಳಿಯಬಾರದು. ಹೋಗುವ ದಾರಿಯಲ್ಲಿ ಹತ್ತಿಯ ಕಥೆ ಹೇಳಲು ಒಬ್ಬರು ಬೇಕು. ಅಪ್ಪ ಮೂರನೇ ಸಾಲಿನಲ್ಲಿ ಕುಳಿತಿದ್ದಾರೆ, ಕೇಳಿದ್ದೇನೆ, ಬರುತ್ತೇನೆ ಎಂದಿದ್ದಾರೆ. ಕಿಟಕಿ ಪಕ್ಕದ ಸೀಟು ಬೇಕಂತೆ.