ಕಾಣದ ಕಬ್ಬಿಣ, ತಪ್ಪಬಾರದ ಮಾತ್ರೆ

(ಥಲಸೇಮಿಯಾ ಪೀಡಿತ ಮಕ್ಕಳ ಹೆತ್ತವರ ಸಭೆಯಲ್ಲಿ ಓರ್ವ ತಂದೆ ಮಾಡಿದ ಭಾಷಣ)



ನಾನು ವೈದ್ಯನಲ್ಲ. ಬೀಟಾ ಥಲಸೇಮಿಯಾ ಮೇಜರ್ ಎಂಬ ರೋಗವನ್ನು ಹುಟ್ಟಿನಿಂದಲೇ ಹೊತ್ತು ಬಂದ ಹನ್ನೊಂದು ವರ್ಷದ ಬಾಲಕಿಯ ತಂದೆ. ಆದ್ದರಿಂದ ನನ್ನ ಮಾತಿನಲ್ಲಿ ಪಾಂಡಿತ್ಯಕ್ಕಿಂತ ಅನುಭವವೂ, ಒಂದಷ್ಟು ಪಶ್ಚಾತ್ತಾಪವೂ ಹೆಚ್ಚು.

ರಕ್ತ ಕೊಡಿಸುವ ವಿಷಯದಲ್ಲಿ ನಾವಾರೂ ಉದಾಸೀನ ತೋರುವುದಿಲ್ಲ. ಮಗು ಬಿಳಿಚಿಕೊಂಡರೆ, ಮೆಟ್ಟಿಲು ಹತ್ತುವಾಗ ಏದುಸಿರು ಬಿಟ್ಟರೆ ದಾನಿಗಳನ್ನು ಹುಡುಕಿ ಆಸ್ಪತ್ರೆಗೆ ಓಡುತ್ತೇವೆ. ಮರುದಿನವೇ ಮಗುವಿನ ಮುಖ ಅರಳುತ್ತದೆ, ನಮಗೂ ಸಮಾಧಾನ. ಆದರೆ ಆ ರಕ್ತದೊಂದಿಗೆ ಒಳಹೊಕ್ಕ ಕಬ್ಬಿಣ ಎಲ್ಲಿ ಹೋಯಿತೆಂದು ನಾವು ಕೇಳಿಕೊಳ್ಳುತ್ತೇವೆಯೇ?

ಒಂದು ಚೀಲ ರಕ್ತದಲ್ಲಿ ಸುಮಾರು 200 ಮಿಲಿಗ್ರಾಂ ಕಬ್ಬಿಣವಿರುತ್ತದೆ. ನಮ್ಮ ದೇಹ ದಿನಕ್ಕೆ ಹೊರಹಾಕಬಲ್ಲುದು ಕೇವಲ ಒಂದೆರಡು ಮಿಲಿಗ್ರಾಂ ಮಾತ್ರ. ಮೂರು ವಾರಕ್ಕೊಮ್ಮೆ ಒಂದು ಚೀಲ ರಕ್ತ ಪಡೆಯುವ ಮಗುವಿನಲ್ಲಿ ವರ್ಷಕ್ಕೆ ಸುಮಾರು 3 ಗ್ರಾಂ ಕಬ್ಬಿಣ ಸಂಗ್ರಹವಾಗುತ್ತದೆ. ಆರೋಗ್ಯವಂತ ವಯಸ್ಕನ ಇಡೀ ದೇಹದಲ್ಲಿರುವುದೇ 3ರಿಂದ 4 ಗ್ರಾಂ! ಈ ಹೆಚ್ಚುವರಿ ಕಬ್ಬಿಣ ಪಿತ್ತಜನಕಾಂಗದಲ್ಲಿ, ಹೃದಯದಲ್ಲಿ, ಹಾರ್ಮೋನು ಗ್ರಂಥಿಗಳಲ್ಲಿ ಸದ್ದಿಲ್ಲದೆ ತುಂಬುತ್ತದೆ. ಬೆಳವಣಿಗೆ ಕುಂಠಿತಗೊಳ್ಳುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ, ಕೊನೆಗೆ ಹೃದಯ ಸೋಲುತ್ತದೆ. ರಕ್ತದ ಕೊರತೆ ಮುಖದಲ್ಲಿ ಕಾಣುತ್ತದೆ. ಕಬ್ಬಿಣದ ಹೊರೆ ಕಾಣುವುದಿಲ್ಲ. ನಾವು ಮೋಸ ಹೋಗುವುದು ಇಲ್ಲಿಯೇ.

ನಾನೂ ಮೋಸ ಹೋದೆ. ಮಗಳಿಗೆ ಏಳು ವರ್ಷವಾಗಿದ್ದಾಗ ನನ್ನ ತಂಗಿಯ ಮದುವೆ ನಿಶ್ಚಯವಾಯಿತು. ಮಾತ್ರೆ ಮುಗಿದಾಗ, ಮದುವೆ ಮುಗಿಯಲಿ, ಆಮೇಲೆ ತರೋಣ ಎಂದೆ. ಐದು ತಿಂಗಳು ಕಳೆಯಿತು. ಮಗಳು ಎಂದಿನಂತೆ ಆಡಿದಳು, ಶಾಲೆಗೆ ಹೋದಳು. ಏನೂ ಆಗಲಿಲ್ಲವಲ್ಲ ಎಂದು ನಾನು ನಿಶ್ಚಿಂತನಾಗಿದ್ದೆ. ತಪಾಸಣೆಯಲ್ಲಿ 1,400 ಇದ್ದ ಫೆರಿಟಿನ್ 3,900ಕ್ಕೆ ಏರಿತ್ತು. ವೈದ್ಯರು ಗದರಿಸಲಿಲ್ಲ. ಮದುವೆಗೆ ಎಷ್ಟು ಖರ್ಚಾಯಿತೆಂದು ಮಾತ್ರ ಕೇಳಿದರು. ನಾನು ತಲೆತಗ್ಗಿಸಿದೆ. ಐದು ತಿಂಗಳ ಆ ತಪ್ಪನ್ನು ಸರಿಪಡಿಸಲು ನಮಗೆ ಎರಡು ವರ್ಷ ಬೇಕಾಯಿತು.

ಸಾಮಾನ್ಯವಾಗಿ 10ರಿಂದ 20 ಬಾರಿ ರಕ್ತ ಪಡೆದ ಬಳಿಕ ಅಥವಾ ಫೆರಿಟಿನ್ 1,000 ದಾಟಿದಾಗ ಕಬ್ಬಿಣ ಹೊರಹಾಕುವ ಚಿಕಿತ್ಸೆ ಆರಂಭಿಸುತ್ತಾರೆ. ಇದಕ್ಕೆ ಮೂರು ಔಷಧಿಗಳಿವೆ. ಹಳೆಯದು ಡೆಸ್ಫೆರಿಯಾಕ್ಸಮೀನ್. ಸಣ್ಣ ಪಂಪಿನ ಮೂಲಕ ಚರ್ಮದಡಿಗೆ 8ರಿಂದ 12 ಗಂಟೆ, ವಾರಕ್ಕೆ ಐದಾರು ರಾತ್ರಿ ಕೊಡಬೇಕಾದ ಚುಚ್ಚುಮದ್ದು. ಎರಡನೆಯದು ದಿನಕ್ಕೆ ಮೂರು ಬಾರಿ ನುಂಗುವ ಡೆಫೆರಿಪ್ರೋನ್. ಮೂರನೆಯದು ದಿನಕ್ಕೊಮ್ಮೆ ಕೊಡುವ ಡೆಫೆರಾಸಿರಾಕ್ಸ್. ಇದಕ್ಕೆ ಅಮೆರಿಕದಲ್ಲಿ 2005ರಲ್ಲಿ ಅನುಮತಿ ದೊರೆಯಿತು. ಯಾವುದು, ಎಷ್ಟು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಪಕ್ಕದ ಮನೆಯ ಮಗುವಿನ ಚೀಟಿ ನಮ್ಮ ಮಗುವಿಗೆ ಸಲ್ಲದು.

ಮನೆಯಲ್ಲಿ ಪಾಲಿಸಬೇಕಾದ ಕೆಲವು ಸಂಗತಿಗಳನ್ನು ಗಮನಿಸಿ. ಕರಗಿಸುವ ಡೆಫೆರಾಸಿರಾಕ್ಸ್ ಮಾತ್ರೆಯನ್ನು ನೀರಿನಲ್ಲಿ ಅಥವಾ ಕಿತ್ತಳೆ, ಸೇಬಿನ ರಸದಲ್ಲಿ ಕದಡಿ, ಖಾಲಿ ಹೊಟ್ಟೆಯಲ್ಲಿ, ಆಹಾರಕ್ಕಿಂತ ಕನಿಷ್ಠ ಅರ್ಧ ಗಂಟೆ ಮೊದಲು ಕುಡಿಸಬೇಕು. ಹಾಲಿನಲ್ಲಾಗಲಿ ಸೋಡಾದಲ್ಲಾಗಲಿ ಬೆರೆಸಬಾರದು. ಲೋಟದ ತಳದಲ್ಲಿ ಉಳಿದುದನ್ನೂ ತುಸು ನೀರು ಹಾಕಿ ಕುಡಿಸಬೇಕು. ನುಂಗುವ ಮಾತ್ರೆಯ ಪ್ರಮಾಣ ಬೇರೆ, ಕರಗಿಸುವ ಮಾತ್ರೆಯದ್ದು ಬೇರೆ. ಅಂಗಡಿಯಲ್ಲಿ ಒಂದರ ಬದಲು ಇನ್ನೊಂದನ್ನು ಕೊಟ್ಟರೆ ವೈದ್ಯರನ್ನು ಕೇಳದೆ ಕೊಡಬೇಡಿ. ಮಗು ಬೆಳೆದಂತೆ ತೂಕಕ್ಕೆ ತಕ್ಕಂತೆ ಪ್ರಮಾಣವೂ ಬದಲಾಗಬೇಕು. ಎರಡು ವರ್ಷದ ಹಿಂದಿನ ಚೀಟಿಯಂತೆ ಇಂದೂ ಕೊಡುವುದು ಅರ್ಧ ಚಿಕಿತ್ಸೆ.

ಡೆಫೆರಿಪ್ರೋನ್ ಸೇವಿಸುವ ಮಗುವಿನ ಮೂತ್ರ ಕೆಂಪಾದರೆ ಹೆದರಬೇಕಿಲ್ಲ. ಅದು ಕಬ್ಬಿಣ ಹೊರಹೋಗುತ್ತಿರುವ ಲಕ್ಷಣ. ಆದರೆ ಜ್ವರ ಅಥವಾ ಗಂಟಲು ನೋವು ಬಂದರೆ ತಕ್ಷಣ ಮಾತ್ರೆ ನಿಲ್ಲಿಸಿ, ಅಂದೇ ಬಿಳಿ ರಕ್ತಕಣಗಳ ಪರೀಕ್ಷೆ ಮಾಡಿಸಿ. ಈ ಔಷಧಿ ಅಪರೂಪಕ್ಕೆ ಆ ಕಣಗಳನ್ನು ಅಪಾಯಕಾರಿಯಾಗಿ ಇಳಿಸಬಲ್ಲುದು. ಡೆಫೆರಾಸಿರಾಕ್ಸ್ ಸೇವಿಸುವ ಮಗುವಿಗೆ ವಾಂತಿ ಭೇದಿಯಾಗಿ ದೇಹದ ನೀರು ಬತ್ತಿದರೆ ಮೂತ್ರಪಿಂಡಕ್ಕೆ ಹಾನಿಯಾದೀತು. ಆಗಲೂ ತಕ್ಷಣ ವೈದ್ಯರನ್ನು ಕೇಳಿ. ಮೂತ್ರಪಿಂಡ ಮತ್ತು ಪಿತ್ತಜನಕಾಂಗದ ಪರೀಕ್ಷೆ ತಿಂಗಳಿಗೊಮ್ಮೆ, ಫೆರಿಟಿನ್ ಮೂರು ತಿಂಗಳಿಗೊಮ್ಮೆ, ಕಣ್ಣು ಕಿವಿಗಳ ತಪಾಸಣೆ ವರ್ಷಕ್ಕೊಮ್ಮೆ ಆಗಲೇಬೇಕು. ಹೃದಯದ ಕಬ್ಬಿಣವನ್ನು ಫೆರಿಟಿನ್ ಮಾತ್ರದಿಂದ ಅರಿಯಲಾಗದು. ಸುಮಾರು 10ರ ಪ್ರಾಯದಿಂದ ಅದಕ್ಕೆ ಎಂ.ಆರ್.ಐ. ಪರೀಕ್ಷೆ ಬೇಕು.

ರಕ್ತ ಕಡಿಮೆಯಿದೆಯೆಂದು ಕಬ್ಬಿಣದ ಟಾನಿಕ್ ಅಥವಾ ಲೋಹಭಸ್ಮ ಕೊಡುವ ಹಿತೈಷಿಗಳು ನಮ್ಮಲ್ಲಿ ಬಹಳ. ಅವರ ಪ್ರೀತಿಯನ್ನು ಸ್ವೀಕರಿಸಿ, ಬಾಟಲಿಯನ್ನು ಹಿಂತಿರುಗಿಸಿ. ವಿಟಮಿನ್ ಸಿ ಮಾತ್ರೆಯನ್ನೂ ಸ್ವಂತ ನಿರ್ಧಾರದಿಂದ ಕೊಡಬೇಡಿ.

ರಮಝಾನ್‌ನಲ್ಲಿ ಈ ಮಕ್ಕಳು ಉಪವಾಸಕ್ಕೆ ಹಟ ಹಿಡಿಯುವುದುಂಟು. ಅವರ ಆಸೆ ಪ್ರಶಂಸನೀಯವೇ. ಆದರೆ ರೋಗಿಗೆ ಕುರ್‌ಆನ್ ವಿನಾಯಿತಿ ನೀಡಿರುವಾಗ, ವೈದ್ಯರ ಸಲಹೆಯಿಲ್ಲದೆ ನೀರು ಬಿಡಿಸಿ ಮಾತ್ರೆಯ ವೇಳೆ ಕೆಡಿಸುವುದು ಯಾವ ಪುಣ್ಯ?

ಇನ್ನೊಂದು ಕಷ್ಟದ ಘಟ್ಟ ಹರೆಯ. ನಾನೊಬ್ಬನೇ ಏಕೆ ಎಂಬ ಪ್ರಶ್ನೆ ಮೂಡುವ ಪ್ರಾಯವದು. ಮಾತ್ರೆಯನ್ನು ಹಾಸಿಗೆಯಡಿ ಬಚ್ಚಿಡುವ ಮಕ್ಕಳಿದ್ದಾರೆ. ಬೈದು ಫಲವಿಲ್ಲ. ಕಬ್ಬಿಣ ಏನು ಮಾಡುತ್ತದೆಂದು ಅವರಿಗೇ ವಿವರಿಸಿ, ಪರೀಕ್ಷೆಯ ಅಂಕಿಗಳನ್ನು ಅವರ ಕೈಯಿಂದಲೇ ಬರೆಯಿಸಿ. ನನ್ನ ಮಗಳು ಈಗ ತನ್ನ ಫೆರಿಟಿನ್ ಲೆಕ್ಕವನ್ನು ತಾನೇ ಪುಸ್ತಕದಲ್ಲಿ ಬರೆದಿಡುತ್ತಾಳೆ.

ಕೊನೆಯದಾಗಿ, ಈ ರೋಗಕ್ಕೆ ತಾಯಿಯನ್ನು ದೂಷಿಸುವ ಮನೆಗಳಿವೆ. ಇದು ಅನ್ಯಾಯ ಮಾತ್ರವಲ್ಲ, ಅಜ್ಞಾನವೂ ಹೌದು. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ ಮಾತ್ರ ಈ ರೋಗ ಬರುತ್ತದೆ. ಪ್ರತಿ ಗರ್ಭದಲ್ಲೂ ಆ ಸಾಧ್ಯತೆ ನಾಲ್ಕರಲ್ಲೊಂದು. ಮದುವೆಗೆ ಮುನ್ನ ಒಂದು ರಕ್ತಪರೀಕ್ಷೆ ಅದನ್ನು ತಿಳಿಸಬಲ್ಲುದು. ರಕ್ತಸಂಬಂಧದಲ್ಲೇ ವಿವಾಹವಾಗುವ ಕುಟುಂಬಗಳು ಇದನ್ನು ವಿಶೇಷವಾಗಿ ಗಮನಿಸಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಥಲಸೇಮಿಯಾವೂ ಸೇರಿದೆ. ಪ್ರಮಾಣಪತ್ರ ಪಡೆಯಲು ನಾಚಿಕೆ ಬೇಡ.

ಕಾಲಕ್ಕೆ ಸರಿಯಾಗಿ ರಕ್ತ ಮತ್ತು ಔಷಧಿ ದೊರೆತ ಮಕ್ಕಳು ಓದಿ, ದುಡಿದು, ಸ್ವತಃ ತಂದೆ ತಾಯಿಯರೂ ಆಗಿದ್ದಾರೆ. ಮಕ್ಕಳು ನಮ್ಮ ಕೈಗೊಪ್ಪಿಸಲಾದ ಅಮಾನತ್ತು. ಇಂದು ರಾತ್ರಿ ಮನೆಗೆ ಹೋದೊಡನೆ ಡಬ್ಬಿ ತೆರೆದು, ಎಷ್ಟು ದಿನದ ಮಾತ್ರೆ ಉಳಿದಿದೆಯೆಂದು ಎಣಿಸಿ. ಒಂದು ವಾರದ್ದು ಉಳಿದಿರುವಾಗಲೇ ಮುಂದಿನ ತಿಂಗಳದ್ದನ್ನು ತನ್ನಿ. ನಾನು ಮಾಡಿದ ತಪ್ಪು ನಿಮ್ಮಿಂದಾಗದಿರಲಿ.